ಮನೆಯ ಡಬ್ಬಿಯಲ್ಲಿರುವ ಮಾತ್ರೆ: ನುಂಗುವ ಮುನ್ನ ಲಾಭ, ಅಪಾಯ ತೂಗಿ ನೋಡುವ ಬಗೆ

‘ಡೋಲೋ ಆಗಾಗ ತೆಗೆದುಕೊಂಡರೆ ಲಿವರ್ ಹಾಳಾಗುತ್ತದೆಯೇ?’, ‘ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದೇನೆ, ನಿಲ್ಲಿಸಲೇ?’, ‘ಮಂಡಿನೋವಿಗೆ ಮೆಡಿಕಲ್ ಸ್ಟೋರಿನವರು ಕೊಟ್ಟ ಮಾತ್ರೆ ಚೆನ್ನಾಗಿ ಹಿಡಿದಿದೆ, ಅದನ್ನೇ ಮುಂದುವರಿಸಬಹುದೇ?’ ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಇಂಥವೇ. ಇವುಗಳಿಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಕೊಡಲಾಗದು. ಮೂವತ್ತರ ಹರೆಯದ ಆರೋಗ್ಯವಂತನಿಗೆ ಎರಡು ದಿನದ ಮಟ್ಟಿಗೆ ಏನೂ ಮಾಡದ ನೋವಿನ ಮಾತ್ರೆಯೇ, ಬಿಪಿಗೆ ಔಷಧ ತೆಗೆದುಕೊಳ್ಳುತ್ತಿರುವ ಅವನ ಎಪ್ಪತ್ತರ ತಾಯಿಯ ಕಿಡ್ನಿಗೆ ಎರಡು ವಾರಗಳಲ್ಲಿ ಕುತ್ತು ತರಬಹುದು. ಆದ್ದರಿಂದ ಯಾವುದೇ ಮಾತ್ರೆಯ ವಿಷಯದಲ್ಲಿ ಕೇಳಿಕೊಳ್ಳಬೇಕಾದದ್ದು ಐದು ಸಂಗತಿ: ಯಾರಿಗೆ, ಯಾವ ತೊಂದರೆಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ, ಜೊತೆಯಲ್ಲಿ ಇನ್ನೇನನ್ನು ನುಂಗುತ್ತಿದ್ದಾರೆ.

ಬೆಂಗಳೂರಿನಲ್ಲಿ ಬಡಾವಣೆಯ ಪ್ರತಿ ತಿರುವಿನಲ್ಲೂ ಒಂದು ಔಷಧ ಅಂಗಡಿ ಇದೆ, ಮೊಬೈಲಿನಲ್ಲಿ ಕೇಳಿದರೆ ಮಾತ್ರೆ ಮನೆಬಾಗಿಲಿಗೇ ಬರುತ್ತದೆ. ಈ ಅನುಕೂಲ ಒಳ್ಳೆಯದೇ, ಆದರೆ ತೂಗಿ ನೋಡುವ ಹೊಣೆ ಬಹುಮಟ್ಟಿಗೆ ನಮ್ಮ ಮೇಲೆಯೇ ಬಿದ್ದಿದೆ. ಕೆಳಗಿನ ಹಂತಗಳು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಮತ್ತು ರಾತ್ರಿ ಹತ್ತು ಗಂಟೆಗೆ ವೈದ್ಯರು ಸಿಗದಿದ್ದಾಗ ತಪ್ಪು ಹೆಜ್ಜೆ ಇಡದಿರಲು ಇವು ನೆರವಾಗುತ್ತವೆ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್ಪುಗಳನ್ನು ಮೇಜಿನ ಮೇಲೆ ಹರಡಿ. ಹಳೆಯ ವೈದ್ಯರ ಚೀಟಿಗಳು ಮತ್ತು ಇತ್ತೀಚಿನ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಆ ವರದಿಯಲ್ಲಿ ‘ಕ್ರಿಯಾಟಿನಿನ್’ ಎಂಬ ಸಾಲಿದೆಯೇ ನೋಡಿಕೊಳ್ಳಿ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನು ಅಂದಾಜಿಸುವ ಅಳತೆ ಅದು. ಮನೆಯಲ್ಲಿ ಮಗುವಿದ್ದರೆ ಅದರ ಈಗಿನ ತೂಕ ಗೊತ್ತಿರಬೇಕು, ಏಕೆಂದರೆ ಮಕ್ಕಳ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವುದು ಮುಖ್ಯವಾಗಿ ತೂಕದಿಂದ.

ಹಂತ 1: ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ

ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಹಾಳೆ ತೆಗೆದುಕೊಂಡು ಅವರು ದಿನವೂ ನುಂಗುವುದು, ಆಗಾಗ ನುಂಗುವುದು ಎರಡನ್ನೂ ಬರೆಯಿರಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಆಯುರ್ವೇದದ ಗುಳಿಗೆ, ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಈನೋ ಪುಡಿ, ಮೂಗಿನ ಡ್ರಾಪ್ಸ್ ಮುಂತಾದವುಗಳನ್ನು. ಅವೂ ಪಟ್ಟಿಯಲ್ಲಿರಬೇಕು. ಹಿಂದೆ ಯಾವುದಾದರೂ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ, ಮುಖ ಊದಿದ್ದರೆ ಅದನ್ನು ಹಾಳೆಯ ಮೇಲ್ತುದಿಯಲ್ಲೇ ಎದ್ದು ಕಾಣುವಂತೆ ಬರೆಯಿರಿ.

ಹಂತ 2: ದೊಡ್ಡ ಹೆಸರನ್ನು ಬಿಟ್ಟು ಸಣ್ಣಕ್ಷರದ ಸಾಲನ್ನು ಓದಿ

ಶೀಟಿನ ಮೇಲೆ ದಪ್ಪಗೆ ಅಚ್ಚಾಗಿರುವುದು ಕಂಪನಿಯಿಟ್ಟ ಹೆಸರು. ನಿಮಗೆ ಬೇಕಾಗಿರುವುದು ಅದರ ಕೆಳಗೆ ಸಣ್ಣಗೆ ಬರೆದಿರುವ, ಅಂಗಡಿಯವರು ‘ಸಾಲ್ಟ್’ ಎಂದು ಕರೆಯುವ ಮೂಲ ಔಷಧದ ಹೆಸರು ಮತ್ತು ಅದರ ಮುಂದಿರುವ ಮಿಲಿಗ್ರಾಂ. ಡೋಲೋ, ಕ್ಯಾಲ್ಪಾಲ್, ಕ್ರೋಸಿನ್ ಎಂದು ಹೆಸರು ಬೇರೆಬೇರೆಯಾದರೂ ಜ್ವರಕ್ಕೆಂದು ಸಾಮಾನ್ಯವಾಗಿ ಕೊಳ್ಳುವ ಈ ಮಾತ್ರೆಗಳಲ್ಲಿರುವುದು ಒಂದೇ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಮಾತ್ರೆಯಲ್ಲಿ 400 ಮಿ.ಗ್ರಾಂ ಐಬುಪ್ರೊಫೆನ್ ಜೊತೆಗೆ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಸೇರಿದೆ. ನೆಗಡಿಗೆಂದು ಕೊಡುವ ಬಹುಪಾಲು ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಹಂತ 5ರ ಲೆಕ್ಕ ನಿಂತಿರುವುದೇ ಈ ಸಾಲಿನ ಮೇಲೆ.

2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಮೂಲ ಔಷಧದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಕಾಣುತ್ತವೆ. ಕನ್ನಡಕ ಹಾಕಿಕೊಂಡರೂ ಸಣ್ಣಕ್ಷರ ಓದಲಾಗದ ಹಿರಿಯರಿಗೆ ಇದು ಬಹಳ ಉಪಯುಕ್ತ. ಶೀಟಿನ ಮೇಲೆ ಉದ್ದಕ್ಕೂ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ನುಂಗಬಾರದ ಔಷಧ ಎಂದು ತಿಳಿಯಿರಿ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ನಾಲ್ಕು ಮಾತ್ರೆ ಕೇಳಿದರೆ ಅಂಗಡಿಯವರು ಕತ್ತರಿಯಿಂದ ಶೀಟನ್ನು ಕತ್ತರಿಸಿ, ಸಣ್ಣ ಕಾಗದದ ಲಕೋಟೆಗೆ ಹಾಕಿ, ಅದರ ಮೇಲೆ 1-0-1 ಎಂದು ಗೀಚಿ ಕೊಡುತ್ತಾರೆ. ಕೈಗೆ ಬಂದ ತುಂಡಿನಲ್ಲಿ ಹೆಸರಿನ ಅರ್ಧ ಮಾತ್ರ ಉಳಿದಿರುತ್ತದೆ, ಅವಧಿಯ ದಿನಾಂಕ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿರುತ್ತದೆ. ಆರು ತಿಂಗಳ ಬಳಿಕ ಆ ತುಂಡು ಡಬ್ಬಿಯ ತಳದಲ್ಲಿ ಸಿಕ್ಕಾಗ ಅದೇನೆಂದು ಯಾರಿಗೂ ಹೇಳಲಾಗದು. ಕೊಳ್ಳುವಾಗಲೇ ಬಿಲ್ ಕೇಳಿ ಪಡೆಯಿರಿ, ಇಲ್ಲವೇ ಇಡೀ ಶೀಟಿನ ಹಿಂಬದಿಯ ಫೋಟೊ ತೆಗೆದುಕೊಂಡು ಆಮೇಲೆ ಕತ್ತರಿಸಲು ಹೇಳಿ. ಗುರುತು ಸಿಗದ ತುಂಡುಗಳನ್ನು ಇಟ್ಟುಕೊಳ್ಳಬೇಡಿ.

1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಚೀಟಿಯಲ್ಲಿ ‘ಎಸ್‌ಒಎಸ್’ ಎಂದಿದ್ದರೆ ತೊಂದರೆ ಕಂಡಾಗ ಮಾತ್ರ ಎಂದರ್ಥ. ಜ್ವರವಿಲ್ಲದ ದಿನವೂ ಜ್ವರದ ಮಾತ್ರೆಯನ್ನು ಮೂರು ಹೊತ್ತು ನುಂಗುವವರು ಹಲವರಿದ್ದಾರೆ, ಅದರ ಅಗತ್ಯವಿಲ್ಲ.

ಹಂತ 3: ಲಾಭವೇನೆಂದು ಸ್ಪಷ್ಟವಾಗಿ ಹೇಳಿಕೊಳ್ಳಿ

ಮಾತ್ರೆ ಕೈಯಲ್ಲಿದ್ದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ‘ಇದನ್ನು ನುಂಗದಿದ್ದರೆ ಏನಾಗುತ್ತದೆ?’ ಸಾಧಾರಣ ನೆಗಡಿಯಾದರೆ ಮಾತ್ರೆ ನುಂಗಿದರೂ ಬಿಟ್ಟರೂ ಅದು ವಾರ, ಹತ್ತು ದಿನಗಳಲ್ಲಿ ಹೋಗುತ್ತದೆ. ಮಾತ್ರೆಯಿಂದ ಸಿಗುವುದು ಆ ಹೊತ್ತಿನ ಸಮಾಧಾನ ಮಾತ್ರ. ಅದರಲ್ಲೂ ನೆಗಡಿ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್ ಬಾಯಿಯ ಮೂಲಕ ತೆಗೆದುಕೊಂಡಾಗ ಪರಿಣಾಮಕಾರಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಲಾಭವೇ ಇಷ್ಟು ಕಡಿಮೆಯಿದ್ದ ಮೇಲೆ ಸಣ್ಣ ಅಪಾಯವನ್ನಾದರೂ ಏಕೆ ಹೊರಬೇಕು? ಅದೇ ವರ್ಷ ಭಾರತದ ಔಷಧ ಮಹಾನಿಯಂತ್ರಕರು, ಸೀನು ತಡೆಯುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಮುದ್ರಿಸುವಂತೆ ಸೂಚಿಸಿದರು.

ಆಂಟಿಬಯಾಟಿಕ್‌ಗಳ ವಿಷಯದಲ್ಲಂತೂ ಈ ಪ್ರಶ್ನೆ ತೀರಾ ಮುಖ್ಯ. ಅವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಗಳು. ನೆಗಡಿ, ಫ್ಲೂ, ಬಹುಪಾಲು ಗಂಟಲುನೋವು ವೈರಸ್‌ನಿಂದ ಬರುವುದರಿಂದ ಅಲ್ಲಿ ಅವುಗಳ ಲಾಭ ಸೊನ್ನೆ. ಭೇದಿ, ದದ್ದು, ಮುಂದೊಮ್ಮೆ ನಿಜಕ್ಕೂ ಬೇಕಾದಾಗ ಔಷಧಕ್ಕೆ ಜಗ್ಗದ ರೋಗಾಣು, ಈ ಅಪಾಯಗಳು ಮಾತ್ರ ಪೂರ್ತಿಯಾಗಿ ನಿಮ್ಮ ಪಾಲಿಗೇ. ಹಿಂದಿನ ಸಲ ಉಳಿದ ಅಜಿತ್ರೊಮೈಸಿನ್ ಡಬ್ಬಿಯಲ್ಲಿದೆ ಎಂಬ ಕಾರಣಕ್ಕೆ ನುಂಗಲೇಬೇಡಿ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಎಕೋಸ್ಪ್ರಿನ್, ಅಂದರೆ ಕಡಿಮೆ ಪ್ರಮಾಣದ ಆಸ್ಪಿರಿನ್. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಜೀವ ಕಾಯುವ ಮಾತ್ರೆ. ಜಯದೇವದಲ್ಲಾಗಲಿ ಬೇರೆಲ್ಲಾಗಲಿ ವೈದ್ಯರು ಬರೆದುಕೊಟ್ಟಿದ್ದರೆ, ಹಲ್ಲು ಕೀಳಿಸುವ ಮುನ್ನ ಕೂಡ ಅವರನ್ನು ಕೇಳದೆ ನಿಲ್ಲಿಸಬೇಡಿ. ಆದರೆ ಹೃದಯದ ತೊಂದರೆ ಇಲ್ಲದ ಹಿರಿಯರು ‘ಮುನ್ನೆಚ್ಚರಿಕೆಗೆ ಇರಲಿ’ ಎಂದು ತಾವಾಗಿಯೇ ಶುರು ಮಾಡುವುದು ಸರಿಯಲ್ಲ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,000ಕ್ಕೂ ಹೆಚ್ಚು ಆರೋಗ್ಯವಂತ ಹಿರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಆಸ್ಪ್ರೀ’ ಎಂಬ ಅಧ್ಯಯನದಲ್ಲಿ, ಆಸ್ಪಿರಿನ್ ನುಂಗಿದವರಲ್ಲಿ ಹೃದಯದ ಕಾಯಿಲೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಗಂಭೀರ ರಕ್ತಸ್ರಾವ ಮಾತ್ರ ಹೆಚ್ಚಾಯಿತು. ಪಕ್ಕದ ಮನೆಯವರಿಗೆ ಒಗ್ಗಿತೆಂಬುದು ನಿಮಗೆ ಆಧಾರವಾಗದು.

ಹಂತ 4: ಅಪಾಯದ ಪಟ್ಟಿಯನ್ನು ಓದಲು ಕಲಿಯಿರಿ

ಔಷಧದ ಜೊತೆ ಬರುವ ಮಡಿಸಿದ ಕಾಗದದಲ್ಲಿ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿಯನ್ನು ಕಂಡು ಹೆದರಿ, ಬೇಕಾದ ಮಾತ್ರೆಯನ್ನೇ ಬಿಡುವವರಿದ್ದಾರೆ. ಅಲ್ಲಿ ಬಳಸುವ ಪದಗಳಿಗೆ ನಿಗದಿತ ಅರ್ಥವಿದೆ. ‘ಅತಿ ಸಾಮಾನ್ಯ’ ಎಂದರೆ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಗುವುದು. ‘ಸಾಮಾನ್ಯ’ ಎಂದರೆ ನೂರರಲ್ಲಿ ಒಬ್ಬರಿಂದ ಹತ್ತರಲ್ಲಿ ಒಬ್ಬರವರೆಗೆ. ‘ಅಪರೂಪ’ ಎಂದರೆ ಹತ್ತು ಸಾವಿರದಲ್ಲಿ ಒಬ್ಬರಿಂದ ಸಾವಿರದಲ್ಲಿ ಒಬ್ಬರವರೆಗೆ. ‘ಅತಿ ಅಪರೂಪ’ ಅದಕ್ಕಿಂತಲೂ ಕಡಿಮೆ.

‘ಈ ಮಾತ್ರೆಯಿಂದ ಅಪಾಯ ದುಪ್ಪಟ್ಟು’ ಎಂಬ ವಾಟ್ಸ್ಆ್ಯಪ್ ಸಂದೇಶ ಬಂದರೆ, ಎಷ್ಟರಿಂದ ಎಷ್ಟಕ್ಕೆ ಎಂದು ಕೇಳಿ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆದರೂ ದುಪ್ಪಟ್ಟೇ, ಹತ್ತರಲ್ಲಿ ಒಬ್ಬರಿಂದ ಇಬ್ಬರಿಗೆ ಏರಿದರೂ ದುಪ್ಪಟ್ಟೇ. ಮೊದಲನೆಯದು ಬೇಕಾದ ಔಷಧವನ್ನು ಬಿಡಲು ಕಾರಣವಾಗದು, ಎರಡನೆಯದು ವೈದ್ಯರ ಬಳಿ ಮಾತನಾಡಲೇಬೇಕಾದ ಸಂಗತಿ.

ಹಂತ 5: ದಿನದ ಒಟ್ಟು ಲೆಕ್ಕ ಹಾಕಿ

ಪ್ಯಾರಾಸಿಟಮಾಲ್ ನಿಗದಿತ ಪ್ರಮಾಣದಲ್ಲಿ ಬಹಳ ಸುರಕ್ಷಿತವಾದ ಔಷಧ. ಮಿತಿ ಮೀರಿದರೆ ಅದೇ ಯಕೃತ್ತನ್ನು, ಅಂದರೆ ಲಿವರನ್ನು, ಕೆಡಿಸುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ 4,000 ಮಿ.ಗ್ರಾಂ ಮೇಲ್ಮಿತಿ. ತೂಕ ಕಡಿಮೆಯಿರುವವರು, ದಿನವೂ ಮದ್ಯ ಸೇವಿಸುವವರು, ಲಿವರ್ ತೊಂದರೆ ಇರುವವರಿಗೆ ಮಿತಿ ಇದಕ್ಕಿಂತ ಸಾಕಷ್ಟು ಕಡಿಮೆ, ಅದನ್ನು ವೈದ್ಯರೇ ಹೇಳಬೇಕು. ಎರಡು ಮಾತ್ರೆಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಬಿಡುವಿರಲಿ.

ಮಿತಿ ಮೀರುವುದು ಹೇಗೆಂದು ನೋಡಿ. ಜ್ವರಕ್ಕೆ 650ರ ಮಾತ್ರೆ ಮೂರು ಹೊತ್ತು: 1,950. ಜೊತೆಗೆ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುವ ನೆಗಡಿ ಮಾತ್ರೆ ಮೂರು ಹೊತ್ತು: 1,500. ಮೈಕೈ ನೋವಿಗೆ 325 ಸೇರಿರುವ ನೋವಿನ ಮಾತ್ರೆ ಎರಡು ಹೊತ್ತು: 650. ಒಟ್ಟು 4,100 ಮಿ.ಗ್ರಾಂ. ಮೂರು ತೊಂದರೆಗೆ ಮೂರು ಮಾತ್ರೆ ಎಂದುಕೊಂಡವರು ಒಂದೇ ಔಷಧವನ್ನು ಮೂರು ಹೆಸರಿನಲ್ಲಿ ನುಂಗಿ ಮಿತಿ ದಾಟಿದ್ದಾರೆ. ಹಂತ 2ರ ಸಣ್ಣ ಸಾಲನ್ನು ಓದಿದ್ದರೆ ಇದು ಆಗುತ್ತಿರಲಿಲ್ಲ.

ಅತಿಯಾಗಿ ನುಂಗಿದ್ದಾರೆಂದು ತಿಳಿದರೆ ಲಕ್ಷಣಕ್ಕಾಗಿ ಕಾಯಬೇಡಿ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದ್ದು, ಎಂಟು ಗಂಟೆಗಳೊಳಗೆ ಕೊಟ್ಟರೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಹೋಗಲೇಬೇಕು. 108ಕ್ಕೆ ಕರೆಮಾಡಿ ಅಥವಾ ತುರ್ತು ಚಿಕಿತ್ಸಾ ಘಟಕವಿರುವ ಆಸ್ಪತ್ರೆಗೆ ನೇರವಾಗಿ ಹೋಗಿ, ಖಾಲಿ ಶೀಟುಗಳನ್ನು ಜೊತೆಗೇ ಒಯ್ಯಿರಿ.

ಮಕ್ಕಳ ಲೆಕ್ಕ ಬೇರೆ. ಒಂದು ಹೊತ್ತಿಗೆ ಪ್ರತಿ ಕೆ.ಜಿ ತೂಕಕ್ಕೆ 10ರಿಂದ 15 ಮಿ.ಗ್ರಾಂ. 12 ಕೆ.ಜಿ ತೂಗುವ ಮಗುವಿಗೆ 120ರಿಂದ 180 ಮಿ.ಗ್ರಾಂ. ಸಮಸ್ಯೆಯೇನೆಂದರೆ ಪ್ಯಾರಾಸಿಟಮಾಲ್ ದ್ರವ ಮಾರುಕಟ್ಟೆಯಲ್ಲಿ ಹಲವು ಸಾಂದ್ರತೆಗಳಲ್ಲಿ, ಅಂದರೆ ಪ್ರತಿ ಮಿ.ಲೀಗೆ ಬೇರೆಬೇರೆ ಪ್ರಮಾಣದ ಔಷಧ ಬೆರೆತು, ಸಿಗುತ್ತದೆ. 5 ಮಿ.ಲೀಗೆ 120 ಮಿ.ಗ್ರಾಂ ಇರುವ ಸಿರಪ್ ಇದೆ, 5 ಮಿ.ಲೀಗೆ 250 ಇರುವುದಿದೆ, ಒಂದೇ ಮಿ.ಲೀಗೆ 100 ಮಿ.ಗ್ರಾಂ ಇರುವ ಶಿಶುಗಳ ಡ್ರಾಪ್ಸ್ ಇದೆ. ಮೊದಲನೆಯದರಲ್ಲಿ 5 ಮಿ.ಲೀ ಈ ಮಗುವಿಗೆ ಸರಿಯಾದ ಪ್ರಮಾಣ. ಡ್ರಾಪ್ಸ್ ಬಾಟಲಿಯಿಂದ ಅದೇ 5 ಮಿ.ಲೀ ಕೊಟ್ಟರೆ ಮಗುವಿನ ಹೊಟ್ಟೆಗೆ 500 ಮಿ.ಗ್ರಾಂ ಹೋಗುತ್ತದೆ. ‘ಹೋದ ಸಲ ಒಂದು ಮುಚ್ಚಳ ಕೊಟ್ಟಿದ್ದೆವು’ ಎಂಬ ನೆನಪಿನ ಮೇಲೆ ಎಂದೂ ಕೊಡಬೇಡಿ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜನ್ನೇ ಬಳಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಔಷಧ ಕೊಟ್ಟು ಕಾಯುವುದು ಬೇಡ, ಕೂಡಲೇ ವೈದ್ಯರಿಗೆ ತೋರಿಸಬೇಕು.

ಕೆಮ್ಮಿನ ಸಿರಪ್ಪಿನ ಬಗ್ಗೆ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಹೊರಡಿಸಿದ ಸೂಚನೆಯ ಪ್ರಕಾರ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಶಿಫಾರಸು ಇಲ್ಲ.

ಹಂತ 6: ನೋವಿನ ಮಾತ್ರೆಯಾದರೆ ಇನ್ನೊಮ್ಮೆ ಯೋಚಿಸಿ

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಒಂದೇ ಗುಂಪಿನವು. ನೋವು ಮತ್ತು ಊತ ಎರಡನ್ನೂ ಇಳಿಸುವುದು ಇವುಗಳ ನಿಜವಾದ ಲಾಭ, ಹಲ್ಲುನೋವಿಗೆ, ಮುಟ್ಟಿನ ಹೊಟ್ಟೆನೋವಿಗೆ ಒಂದೆರಡು ದಿನದ ಮಟ್ಟಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ನೋವು ಹುಟ್ಟಿಸುವ ರಾಸಾಯನಿಕವನ್ನು ತಡೆಯುವಾಗ, ಜಠರದ ಒಳಪದರವನ್ನು ಕಾಯುವ ಮತ್ತು ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ಅದೇ ಜಾತಿಯ ರಾಸಾಯನಿಕಗಳನ್ನೂ ಇವು ತಡೆಯುತ್ತವೆ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಏರುವ ಬಿಪಿ, ಕಿಡ್ನಿಗೆ ಪೆಟ್ಟು, ಎಲ್ಲಕ್ಕೂ ಮೂಲ ಇದೇ. ಊಟದ ನಂತರ ನುಂಗಿದರೆ ಹೊಟ್ಟೆಯ ಉರಿ ಕಡಿಮೆಯಾದೀತು, ಕಿಡ್ನಿಯ ಅಪಾಯ ಅದರಿಂದ ತಪ್ಪುವುದಿಲ್ಲ.

ಕೆಳಗಿನವರು ಈ ಗುಂಪನ್ನು ತಾವಾಗಿಯೇ ನುಂಗಬಾರದು:

- ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ. ಈ ಎರಡರ ಜೊತೆ ನೋವಿನ ಮಾತ್ರೆ ಮೂರನೆಯದಾಗಿ ಸೇರಿದಾಗ ಕಿಡ್ನಿ ಹಠಾತ್ತನೆ ಸೋಲಬಹುದು.
- ಕಿಡ್ನಿ ಅಥವಾ ಹೃದಯದ ಕಾಯಿಲೆ, ಹಿಂದೆ ಹೊಟ್ಟೆಹುಣ್ಣು ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು.
- ಗರ್ಭಿಣಿಯರು, ಮುಖ್ಯವಾಗಿ 20 ವಾರಗಳ ನಂತರ.
- ವಾಂತಿ, ಭೇದಿಯಿಂದ ನೀರಿನಂಶ ಕಳೆದುಕೊಂಡವರು.
- ಡೆಂಗಿಯ ಸಂಶಯವಿರುವ ಎಲ್ಲರೂ.

ಕೊನೆಯದು ಬೆಂಗಳೂರಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಮಳೆಗಾಲದಲ್ಲಿ ಜ್ವರದ ಜೊತೆ ಕಣ್ಣಿನ ಹಿಂದೆ ನೋವು, ಮೈಕೈ ಮುರಿದಂಥ ನೋವು ಇದ್ದರೆ, ಡೆಂಗಿ ಅಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು, ಮೊದಲೇ ಇಳಿದಿರುತ್ತವೆ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹೃದಯಕ್ಕಾಗಿ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಜ್ವರ ಬಂದೊಡನೆ ವೈದ್ಯರನ್ನು ಕೇಳಬೇಕು. ವೈರಸ್ ಜ್ವರವಿರುವ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ನಿಮೆಸುಲೈಡ್ ಎಂಬ ಇನ್ನೊಂದು ಜ್ವರನೋವಿನ ಔಷಧವನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಮನೆಯ ಹಳೆಯ ಡಬ್ಬಿಯಲ್ಲಿ ಅದು ಇದೆಯೇ ನೋಡಿಕೊಳ್ಳಿ.

ಮಂಡಿನೋವಿನ ಹಿರಿಯರಿಗೆ ಮಾತ್ರೆಯ ಬದಲು ಡೈಕ್ಲೊಫೆನಾಕ್ ಜೆಲ್ ಹಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ.

ಹಂತ 7: ಎಷ್ಟು ದಿನ ಎಂದು ಮೊದಲೇ ನಿರ್ಧರಿಸಿ

ನೋವಿನ ಮಾತ್ರೆಯ ಜೊತೆ ಐದು ದಿನಕ್ಕೆಂದು ಬರೆದ ಪ್ಯಾಂಟೊಪ್ರಜೋಲ್ ಐದು ವರ್ಷ ಮುಂದುವರಿಯುವುದು ನಮ್ಮಲ್ಲಿ ಬಹಳ ಸಾಮಾನ್ಯ. ಆಮ್ಲ ಉತ್ಪತ್ತಿಯನ್ನು ತಗ್ಗಿಸುವ ಈ ಮಾತ್ರೆ ಹುಣ್ಣು ಮಾಯಿಸುತ್ತದೆ. ಆಸ್ಪಿರಿನ್ ನುಂಗುವ ಹಿರಿಯರನ್ನು ಹೊಟ್ಟೆಯ ರಕ್ತಸ್ರಾವದಿಂದ ಕಾಯುತ್ತದೆ, ಅಂಥವರು ಇದನ್ನು ತಾವಾಗಿ ನಿಲ್ಲಿಸಬಾರದು. ಕಾರಣವಿಲ್ಲದೆ ವರ್ಷಗಟ್ಟಲೆ ಮುಂದುವರಿದರೆ ವಿಟಮಿನ್ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಅದನ್ನು ಇಳಿಸುತ್ತದೆ. ಈ ಮೂರೂ ಒಬ್ಬರಲ್ಲೇ ಸೇರಿದ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಕಾಲು ಜೋಮು ಹಿಡಿಯುವುದು, ಸುಸ್ತು ಇದ್ದರೆ ಬಿ12 ಪರೀಕ್ಷೆ ಮಾಡಿಸಿ.

ಒಮ್ಮೆಲೇ ನಿಲ್ಲಿಸಿದಾಗ ತಡೆದಿಟ್ಟ ಆಮ್ಲ ಕೆಲವು ವಾರ ಹೆಚ್ಚಾಗಿ ಉಕ್ಕುವುದುಂಟು. ಅದನ್ನು ಕಂಡು ‘ಮಾತ್ರೆಯಿಲ್ಲದೆ ನನಗಾಗದು’ ಎಂದು ಮತ್ತೆ ಶುರು ಮಾಡುವ ಬದಲು, ಹಂತಹಂತವಾಗಿ ಇಳಿಸುವ ಕ್ರಮವನ್ನು ವೈದ್ಯರಿಂದ ಕೇಳಿ ಪಡೆಯಿರಿ. ತೆಗೆದುಕೊಳ್ಳುವಷ್ಟು ದಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ, ಇಡ್ಲಿ ತಿಂದ ಮೇಲೆ ನುಂಗಿದರೆ ಪರಿಣಾಮ ಕುಗ್ಗುತ್ತದೆ. ಹೆಸರಿನ ಕೊನೆಯಲ್ಲಿ ‘ಡಿ’ ಇರುವ ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ವಾಕರಿಕೆ ತಡೆಯುವ ಡೊಂಪೆರಿಡೋನ್ ಸೇರಿರುತ್ತದೆ. ಅದು ಹೃದಯದ ಲಯವನ್ನು ಏರುಪೇರು ಮಾಡಬಲ್ಲದಾದ್ದರಿಂದ ಯುರೋಪಿನಲ್ಲಿ 2014ರಿಂದ ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬಳಸದಂತೆ ಸೂಚನೆಯಿದೆ.

ಮೂಗು ಬಿಡಿಸುವ ಜೈಲೊಮೆಟಜೊಲಿನ್ ಡ್ರಾಪ್ಸ್ ಐದು ದಿನ ದಾಟಬಾರದು, ದಾಟಿದರೆ ಅದೇ ಮೂಗು ಕಟ್ಟಲು ಕಾರಣವಾಗುತ್ತದೆ.

ಹಂತ 8: ಕಾಫಿ, ಹಾಲು, ಹಣ್ಣು, ಸ್ಕೂಟರ್

ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ ಫಿಲ್ಟರ್ ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ. ‘ಇಂಗ್ಲಿಷ್ ಮಾತ್ರೆ ಉಷ್ಣ’ ಎಂದು ಆಂಟಿಬಯಾಟಿಕ್‌ಗಳನ್ನು ಹಾಲು, ಮಜ್ಜಿಗೆಯ ಜೊತೆ ಕೊಡುವ ರೂಢಿಯಿದೆ. ಸಿಪ್ರೊಫ್ಲಾಕ್ಸಾಸಿನ್ ಹಾಗೆ ಕೊಟ್ಟರೆ ಹಾಲಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕಿ ಮೈಗೆ ಸೇರದಂತೆ ಮಾಡುತ್ತದೆ. ಎರಡು ಗಂಟೆಯ ಅಂತರವಿರಲಿ. ದೇವನಹಳ್ಳಿಯ ಚಕ್ಕೋತ ರುಚಿಕರವಾದ ಹಣ್ಣು. ಆದರೆ ಈ ಜಾತಿಯ ಹಣ್ಣುಗಳಲ್ಲಿರುವ ಕೆಲವು ಅಂಶಗಳು ಅಟೊರ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲವು. ಅಂಥ ಮಾತ್ರೆಯಿದ್ದರೆ ತಿನ್ನುವ ಮುನ್ನ ವೈದ್ಯರನ್ನು ಕೇಳಿ. ಈನೋದಲ್ಲಿ ಸೋಡಿಯಂ ಹೆಚ್ಚು, ಬಿಪಿಯವರಿಗೆ ದಿನನಿತ್ಯ ಬೇಡ.

ಅಲರ್ಜಿಗೆ ಕೊಡುವ ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ಅದಕ್ಕಿಂತ ಹೆಚ್ಚು. ಇವನ್ನು ನುಂಗಿ ಹೊರವರ್ತುಲ ರಸ್ತೆಯಲ್ಲಿ ಸ್ಕೂಟರ್ ಓಡಿಸಬೇಡಿ. ರಾತ್ರಿ ತೆಗೆದುಕೊಳ್ಳಿ, ಇಲ್ಲವೇ ತೂಕಡಿಕೆ ಕಡಿಮೆಯಿರುವ ಫೆಕ್ಸೊಫೆನಡೀನ್ ತಮಗೆ ಆದೀತೇ ಎಂದು ವಿಚಾರಿಸಿ. ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ಕ್ಲೋರ್‌ಫೆನಿರಮೈನ್‌ನಿಂದ ಮೂತ್ರ ಕಟ್ಟಬಹುದು.

ಹಂತ 9: ನಿಲ್ಲಿಸಬೇಕಾದ ಗಳಿಗೆ, ತಿಳಿಸಬೇಕಾದ ಜಾಗ

ಕಪ್ಪನೆಯ ಟಾರಿನಂಥ ಮಲ, ರಕ್ತವಾಂತಿ, ಮುಖ ಅಥವಾ ತುಟಿ ಊತ, ಉಸಿರಾಟದ ತೊಂದರೆ, ಮೈಮೇಲೆ ಗುಳ್ಳೆ ಎದ್ದು ಬಾಯೊಳಗೂ ಹುಣ್ಣಾಗುವುದು, ಕಣ್ಣು ಹಳದಿಯಾಗುವುದು, ಮೂತ್ರ ತೀರಾ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಹೊಸದಾಗಿ ಶುರು ಮಾಡಿದ ಮಾತ್ರೆಯನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಹಂತ 1ರ ಪಟ್ಟಿ ಕೈಯಲ್ಲಿರಲಿ. ದಿನದ ಬಿಪಿ, ಶುಗರ್, ಹೃದಯ, ಮೂರ್ಛೆಯ ಮಾತ್ರೆಗಳನ್ನು ಮಾತ್ರ ವೈದ್ಯರು ಹೇಳದೆ ನಿಲ್ಲಿಸಬೇಡಿ.

ಅಡ್ಡಪರಿಣಾಮ ಆದದ್ದನ್ನು ನೀವೇ ಸರ್ಕಾರಕ್ಕೆ ತಿಳಿಸಬಹುದು. ಭಾರತೀಯ ಫಾರ್ಮಕೊಪಿಯಾ ಆಯೋಗ ನಡೆಸುವ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಇದಕ್ಕೆ ಕರೆಮಾಡುವಾಗ ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಎಷ್ಟು ಪ್ರಮಾಣ, ಯಾವ ದಿನದಿಂದ, ಏನಾಯಿತು, ಜೊತೆಗೆ ಬೇರೆ ಯಾವ ಔಷಧಗಳಿದ್ದವು ಎಂಬ ವಿವರ ಸಿದ್ಧವಿರಲಿ. ಔಷಧದಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಾಗಿಲ್ಲ, ಸಂಶಯವಿದ್ದರೂ ತಿಳಿಸಬಹುದು. ಬ್ಯಾಚ್ ಸಂಖ್ಯೆ ಶೀಟಿನ ಅಥವಾ ಬಾಟಲಿಯ ಮೇಲೆ ಅವಧಿಯ ದಿನಾಂಕದ ಪಕ್ಕದಲ್ಲೇ ಇರುತ್ತದೆ, ಆದ್ದರಿಂದ ಖಾಲಿಯಾದ ಶೀಟನ್ನೂ ಕಾಯಿಲೆ ಪೂರ್ತಿ ವಾಸಿಯಾಗುವವರೆಗೆ ಎಸೆಯಬೇಡಿ.